ಹಳೆ ಶಹರಕ್ಕೆ ಒಂದು ಗಂಟೆ, ಹೊಸ ಶಹರಕ್ಕೆ ಎರಡು ರಾತ್ರಿ

ಮೂರು ದಿನಗಳ ರಜೆ ಒದಗಿತೆಂದರೆ ನಮ್ಮ ಪಟ್ಟಣಗಳ ಮುಸ್ಲಿಮ್ ಮನೆಗಳಲ್ಲಿ ಮೊದಲು ಕೇಳಿಬರುವ ಊರುಗಳಲ್ಲಿ ಹೈದರಾಬಾದ್ ಒಂದು. ಕಲಬುರಗಿ, ಬೀದರ್, ರಾಯಚೂರಿನವರಿಗೆ ಅದು ಪರವೂರೇ ಅಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಅದೇ ಅವರ ರಾಜಧಾನಿಯಾಗಿತ್ತು. ಕರಾವಳಿಯ ನಮಗೆ ಕಾಚಿಗುಡದ ರೈಲಿದೆ. ಹೊರಡುವ ಮುನ್ನ ಮನೆಯಲ್ಲಿ ಎಲ್ಲದರ ಚರ್ಚೆಯೂ ನಡೆಯುತ್ತದೆ. ಯಾರಿಗೆ ಎಷ್ಟು ಡಜನ್ ಬಳೆ, ಬಿರಿಯಾನಿ ಎಲ್ಲಿ ಚೆನ್ನ, ಗೋಲ್ಕೊಂಡದ ಮೆಟ್ಟಿಲು ಹತ್ತಲು ವಯಸ್ಸಾದವರಿಗೆ ಆದೀತೇ ಎಂಬ ಮಾತುಗಳಿಗೆ ವಾರವೇ ಸಾಲದು. ಆದರೆ ತಂಗುವ ಕೋಣೆಯನ್ನು ಊರಿನ ಯಾವ ಭಾಗದಲ್ಲಿ ಹಿಡಿಯಬೇಕು ಎಂಬ ಪ್ರಶ್ನೆ ಮಾತ್ರ ಐದು ನಿಮಿಷದಲ್ಲಿ ತೀರ್ಮಾನವಾಗಿಬಿಡುತ್ತದೆ. ಮನೆಯ ಗಂಡಸು ಮೊಬೈಲಿನಲ್ಲಿ ನಾಲ್ಕು ಚಿತ್ರ ನೋಡುತ್ತಾನೆ. ಬಿಳಿ ಹಾಸಿಗೆ, ಗಾಜಿನ ಗೋಡೆ, ಕೆಳಗೆ ಕಾರು ನಿಲ್ಲಿಸಲು ಜಾಗ. ಗಚ್ಚಿಬೌಲಿಯಲ್ಲೋ ಹೈಟೆಕ್ ಸಿಟಿಯಲ್ಲೋ ಎರಡು ರಾತ್ರಿಗೆ ಹಣ ಕಟ್ಟಿ, ಕೆಲಸ ಮುಗಿಯಿತೆಂದು ನಿಟ್ಟುಸಿರು ಬಿಡುತ್ತಾನೆ.

ವಾಸ್ತವದಲ್ಲಿ ಪ್ರವಾಸ ಹಾಳಾಗುವುದು ಆ ಐದು ನಿಮಿಷದಲ್ಲೇ.

ಇದನ್ನು ಹೇಳುವ ಅಧಿಕಾರ ನನಗಿದೆ, ಯಾಕೆಂದರೆ ನಾನೂ ಆ ತಪ್ಪನ್ನು ಮಾಡಿದ್ದೇನೆ. ಮೂರು ವರ್ಷಗಳ ಹಿಂದೆ ಉಮ್ಮ, ಪತ್ನಿ ಮತ್ತು ಇಬ್ಬರು ಮಕ್ಕಳೊಂದಿಗೆ ಒಂದು ಗುರುವಾರ ಸಂಜೆ ಕಾಚಿಗುಡದಲ್ಲಿ ಇಳಿದೆ. ಅಲ್ಲಿಂದ ಚಾರ್ಮಿನಾರ್ ಐದಾರು ಕಿಲೋಮೀಟರ್. ಆದರೆ ನಮ್ಮ ಕೋಣೆ ಇದ್ದುದು ಊರಿನ ಇನ್ನೊಂದು ತುದಿಯಲ್ಲಿ. ಅದನ್ನು ಸೂಚಿಸಿದವರು ನನ್ನ ಭಾವ. "ಹಳೆ ಶಹರದಲ್ಲಿ ಮಾತ್ರ ರೂಮು ಮಾಡ್ಬೇಡ. ಹೆಂಗಸರು ಮಕ್ಕಳು ಇದ್ದಾರೆ, ಅಲ್ಲಿ ಸೇಫ್ ಅಲ್ಲ. ಹೋಗಿ ನೋಡ್ಕೊಂಡು ಬನ್ನಿ, ಸಾಕು" ಎಂದಿದ್ದರು. ನಾನು ಮರುಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಮಕ್ಕಳು ಎದ್ದು, ತಿಂಡಿ ಮುಗಿಸಿ, ಬಾಡಿಗೆ ಕಾರು ಬಂದು, ಸುಮಾರು 20 ಕಿಲೋಮೀಟರ್ ದಾರಿಯನ್ನು ಸಂಚಾರದ ದಟ್ಟಣೆಯಲ್ಲಿ ದಾಟಿ ಸಾಲಾರ್ ಜಂಗ್ ವಸ್ತು ಸಂಗ್ರಹಾಲಯದ ಗೇಟಿಗೆ ಬರುವಾಗ ಹನ್ನೆರಡು ದಾಟಿತ್ತು. ಗೇಟು ಮುಚ್ಚಿತ್ತು. ಶುಕ್ರವಾರ ಅದಕ್ಕೆ ರಜೆ. ಚೌಮಹಲ್ಲಾ ಅರಮನೆಗೂ ಶುಕ್ರವಾರವೇ ರಜೆ. ಜುಮಾ ಮುಗಿಸಿ, ಊಟ ಮಾಡುವಷ್ಟರಲ್ಲಿ ಚಿಕ್ಕವನು ಅಳತೊಡಗಿದ. ಉಮ್ಮನಿಗೆ ಶೌಚಾಲಯ ಬೇಕಾಗಿತ್ತು. ಆದರೆ ಆಕೆ ಅದನ್ನು ನನ್ನೊಡನೆ ಹೇಳಲಿಲ್ಲ, ಪತ್ನಿಯ ಕಿವಿಯಲ್ಲಿ ಹೇಳಿದರು. ಕೋಣೆ 20 ಕಿಲೋಮೀಟರ್ ದೂರದಲ್ಲಿತ್ತು! ಒಂದು ಹೋಟೆಲಿನಲ್ಲಿ ಬೇಡದ ಚಹಾ ಕುಡಿದು ಆ ಸಂಕಟವನ್ನು ನೀಗಿದೆವು. ಕೊನೆಗೆ ಚಾರ್ಮಿನಾರ್ ಮುಂದೆ ನಿಂತಾಗ ಸಂಜೆ ಐದೂವರೆ ಕಳೆದಿತ್ತು, ಮೇಲೆ ಹತ್ತಲು ಬಿಡುವ ಹೊತ್ತು ಮುಗಿದಿತ್ತು. ಒಂದು ಗಂಟೆ ಬಳೆ ನೋಡಿ, ಮತ್ತೆ ಕಾರು ಹತ್ತಿದೆವು. ಮಂಗಳೂರಿಗೆ ಮರಳಿದ ಮೇಲೆ ನೆರೆಯವರು ಕೇಳಿದಾಗ ಉಮ್ಮ ಹೇಳಿದ್ದು ಇಷ್ಟೇ: "ಕಾರಿನಲ್ಲಿ ಕೂತಿದ್ದೆವು."

ಎರಡು ದಿನದ ಪ್ರವಾಸದಲ್ಲಿ ಕೋಣೆ ಎಂದರೆ ರಾತ್ರಿ ಮಲಗುವ ಸ್ಥಳ, ಅದು ಎಲ್ಲಿದ್ದರೇನು ಎಂಬುದು ಗಂಡಸಿನ ಲೆಕ್ಕ. ಅವನಿಗೆ ಬೀದಿಯ ಬದಿಯ ಚಹಾದಂಗಡಿಯೂ ವಿಶ್ರಾಂತಿಯ ಸ್ಥಳವೇ, ಮಸೀದಿಯ ಹೌಝಿನ ಕಟ್ಟೆಯೂ ಅವನದೇ. ಆದರೆ ಹಾಲುಣಿಸುವ ತಾಯಿಗೆ, ಮಂಡಿನೋವಿನ ಅಜ್ಜಿಗೆ, ಋತುಸ್ರಾವದ ದಿನಗಳಲ್ಲಿರುವ ಹೆಣ್ಣುಮಗಳಿಗೆ ಕೋಣೆ ಎಂದರೆ ಹಗಲಿನ ಅಗತ್ಯ. ನಡುಹಗಲು ಒಂದು ಗಂಟೆ ಬಂದು ಕಾಲು ಚಾಚಿ, ಮುಖ ತೊಳೆದು, ನಮಾಝ್ ಮಾಡಿ ಮತ್ತೆ ಹೊರಡಲು ಸಾಧ್ಯವಾಗುವ ಕೋಣೆ ಸಣ್ಣದಿದ್ದರೂ ಸರಿ, ಹಾಸಿಗೆ ಹಳತಾಗಿದ್ದರೂ ಸರಿ. ಹಾಗಿದ್ದೂ ಕೋಣೆಯ ತೀರ್ಮಾನದಲ್ಲಿ ಹೆಂಗಸರನ್ನು ಕೇಳಿದ ಎಷ್ಟು ಮನೆಗಳನ್ನು ನೀವು ಕಂಡಿದ್ದೀರಿ? ಹೆಂಗಸರ ಸುರಕ್ಷತೆಯ ಹೆಸರಿನಲ್ಲಿ ದೂರದಲ್ಲಿ ಕೋಣೆ ಹಿಡಿಯುವವರು, ಆ ಹೆಂಗಸರು ಇಡೀ ಹಗಲು ಎಲ್ಲಿ ಕೂರಬೇಕೆಂದು ಯೋಚಿಸುವುದೇ ಇಲ್ಲ.

ಇನ್ನು ಆ ಸುರಕ್ಷತೆಯ ಮಾತಿಗೆ ಬರೋಣ. ಅದನ್ನು ಅಷ್ಟು ಸುಲಭದಲ್ಲಿ ಬಿಟ್ಟುಬಿಡುವಂತಿಲ್ಲ.

ಹೈದರಾಬಾದಿನ ಹಳೆ ಶಹರ ಸುರಕ್ಷಿತವಲ್ಲ ಎನ್ನುವವರು ಮೊದಲು ಎತ್ತುವುದು 2007ರ ಮೇ 18ರ ಮಕ್ಕಾ ಮಸೀದಿ ಸ್ಫೋಟವನ್ನು. ಜುಮಾಕ್ಕೆ ಬಂದ ಬಡಪಾಯಿಗಳು ಸ್ಫೋಟದಲ್ಲೂ, ನಂತರದ ಪೊಲೀಸ್ ಗುಂಡಿನಲ್ಲೂ ಪ್ರಾಣ ಕಳಕೊಂಡರು. 2018ರ ಏಪ್ರಿಲ್‌ನಲ್ಲಿ ವಿಶೇಷ ನ್ಯಾಯಾಲಯವು ವಿಚಾರಣೆ ಎದುರಿಸಿದ ಆರೋಪಿಗಳೆಲ್ಲರನ್ನೂ ಖುಲಾಸೆಗೊಳಿಸಿತು. ಆದರೆ ಅದೇ 2007ರ ಆಗಸ್ಟ್ 25ರಂದು ಬಾಂಬು ಸಿಡಿದದ್ದೆಲ್ಲಿ? ಹುಸೇನ್ ಸಾಗರದ ದಂಡೆಯ ಲುಂಬಿನಿ ಪಾರ್ಕಿನಲ್ಲಿ ಮತ್ತು ಕೋಠಿಯ ಒಂದು ಚಾಟ್ ಅಂಗಡಿಯಲ್ಲಿ. 2013ರ ಫೆಬ್ರವರಿ 21ರಂದು ದಿಲ್‌ಸುಖ್ ನಗರದಲ್ಲಿ. ಇವು ಯಾವುವೂ ಹಳೆ ಶಹರವಲ್ಲ. ಹಾಗಾದರೆ ಹುಸೇನ್ ಸಾಗರದ ಬಳಿ ಕೋಣೆ ಹಿಡಿಯಬೇಡ, ಅಲ್ಲಿ ಸುರಕ್ಷಿತವಲ್ಲ ಎಂದು ಯಾವ ಭಾವನಾದರೂ ಹೇಳಿದ್ದುಂಟೇ? ಇಲ್ಲ. ಬಾಂಬು ಹೊಸ ಶಹರದಲ್ಲಿ ಸಿಡಿದರೆ ಅದೊಂದು ದಿನದ ದುರಂತವಾಗುತ್ತದೆ; ಹಳೆ ಶಹರದಲ್ಲಿ ಸಿಡಿದರೆ ಅದು ಆ ಬೀದಿಯ ಗುಣವಾಗಿಬಿಡುತ್ತದೆ. ಈ ಭಾಷೆ ಯಾರದು? ನಮ್ಮನ್ನು ಕಂಡರಾಗದವರು ದಶಕಗಳಿಂದ ಆಡುತ್ತಾ ಬಂದಿರುವ ಮಾತಿದು. ಅದನ್ನು ಈಗ ನಮ್ಮ ಮನೆಯ ಚಾವಡಿಯಲ್ಲಿ ಕುಳಿತು, ನಮ್ಮದೇ ಬಾಯಿಯಲ್ಲಿ ನಾವು ಆಡುತ್ತಿದ್ದೇವೆ.

2024ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಾಧೀಶರೊಬ್ಬರು ವಿಚಾರಣೆಯ ನಡುವೆ ಬೆಂಗಳೂರಿನ ಗೋರಿಪಾಳ್ಯವನ್ನು ಪಾಕಿಸ್ತಾನಕ್ಕೆ ಸಮೀಕರಿಸಿ ಮಾತಾಡಿದ್ದು ನೆನಪಿರಬಹುದು. ಸುಪ್ರೀಮ್ ಕೋರ್ಟ್ ಸ್ವಯಂಪ್ರೇರಿತವಾಗಿ ಅದನ್ನು ಕೈಗೆತ್ತಿಕೊಂಡಿತು. ನ್ಯಾಯಾಧೀಶರು ವಿಷಾದ ವ್ಯಕ್ತಪಡಿಸಿದ ಬಳಿಕ, ಈ ದೇಶದ ಯಾವ ಭಾಗವನ್ನೂ ಯಾರೂ ಪಾಕಿಸ್ತಾನ ಎಂದು ಕರೆಯುವಂತಿಲ್ಲ ಎಂದು ಹೇಳಿ ಪ್ರಕರಣವನ್ನು ಮುಗಿಸಿತು. ನಾವೆಲ್ಲ ಸಂತೋಷಪಟ್ಟೆವು, ಮೊಬೈಲಿನಲ್ಲಿ ಹಂಚಿಕೊಂಡೆವು. ನಮಗೆ ಬಾಡಿಗೆ ಮನೆ ಕೊಡುವುದಿಲ್ಲ, ನಮ್ಮ ಬೀದಿಯ ವಿಳಾಸ ಹೇಳಿದೊಡನೆ ಮುಖ ಸಿಂಡರಿಸುತ್ತಾರೆ ಎಂಬ ದೂರನ್ನು ಈ ಪತ್ರಿಕೆಯ ಓದುಗರಲ್ಲಿ ಯಾರು ತಾನೇ ಹೇಳಿಲ್ಲ? ಆದರೆ ಎರಡು ರಾತ್ರಿಯ ಮಟ್ಟಿಗೆ ನಮ್ಮಂಥವರೇ ಹೆಚ್ಚಾಗಿರುವ ಬೀದಿಯಲ್ಲಿ ಮಲಗಬೇಕೆಂದಾಗ ನಾವೂ ಮುಖ ಸಿಂಡರಿಸುತ್ತೇವೆ. ಅಷ್ಟಕ್ಕೂ ಆ ಬೀದಿ ಬರೇ ನಮ್ಮವರದೂ ಅಲ್ಲ. ಪತ್ಥರ್‌ಗಟ್ಟಿಯಿಂದ ಚಾರ್ಮಿನಾರಿನವರೆಗಿನ ಮುತ್ತು, ಚಿನ್ನ, ಬಟ್ಟೆಯ ಅಂಗಡಿಗಳ ಒಡೆತನದಲ್ಲಿ ಹಿಂದೂ ವ್ಯಾಪಾರಿ ಮನೆತನಗಳೆಷ್ಟಿವೆ ಎಂಬುದನ್ನು ಫಲಕಗಳನ್ನು ಓದುತ್ತಾ ನಡೆದವನೇ ಬಲ್ಲ. ಕಾರಿನಿಂದ ಇಳಿಯದವನಿಗೆ ಅದು ಹೇಗೆ ತಿಳಿಯಬೇಕು?

ಊರಿನ ಹಳೆಯ ಭಾಗವನ್ನು ಬಿಟ್ಟೋಡುವ ಚಾಳಿ ಹೊಸತಲ್ಲ ಎಂಬುದನ್ನೂ ಹೇಳಬೇಕು. ಮುಹಮ್ಮದ್ ಕುಲಿ ಕುತುಬ್ ಶಾಹ್ 1591ರಲ್ಲಿ ಚಾರ್ಮಿನಾರ್ ಕಟ್ಟಿಸಿದಾಗ ಊರಿನ ಹೃದಯ ಅದೇ ಆಗಿತ್ತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ನಮ್ಮ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ನಿಝಾಮರ ಸರಕಾರ ಕರೆಸಿಕೊಂಡದ್ದು ಆಗಲೇ. ಉಸ್ಮಾನ್ ಸಾಗರ್, ಹಿಮಾಯತ್ ಸಾಗರ್ ಜಲಾಶಯಗಳು ಅವರ ಸಲಹೆಯ ಫಲ. ನಗರ ಸುಧಾರಣಾ ಮಂಡಳಿ ಬಂತು, ಪತ್ಥರ್‌ಗಟ್ಟಿಯ ಕಲ್ಲಿನ ಅಂಗಡಿ ಸಾಲು ಎದ್ದಿತು. ಆದರೆ ಕೊನೆಯ ನಿಝಾಮರಾದ ಮೀರ್ ಉಸ್ಮಾನ್ ಅಲಿ ಖಾನರು ಚೌಮಹಲ್ಲಾದಲ್ಲಿ ಉಳಿಯಲಿಲ್ಲ. ನದಿಯ ಆಚೆ ಕಿಂಗ್ ಕೋಠಿಯಲ್ಲಿ ವಾಸಿಸಿದರು. ದೊರೆಯ ಹಿಂದೆ ಕುಲೀನರು ಹೊರಟರು. ಅವರ ಹಿಂದೆ ಕಚೇರಿಗಳು, ನಂತರ ವೈದ್ಯರು, ವಕೀಲರು. 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲಂತೂ ಊರಿನ ಹಣವೆಲ್ಲ ಪಶ್ಚಿಮಕ್ಕೆ ಹರಿಯಿತು. ಉಳಿದವರು ಹೋಗಲು ಬೇರೆ ದಾರಿಯಿಲ್ಲದವರು.

ಸರಕಾರವೂ ಇದೇ ದಾರಿ ಹಿಡಿಯಿತು. ಮೆಟ್ರೋ ರೈಲಿನ ಮೂಲ ಯೋಜನೆಯಲ್ಲಿ ಒಂದು ಮಾರ್ಗವು ಹಳೆ ಶಹರವನ್ನು ಹಾದು ಫಲಕ್‌ನುಮಾ ತಲುಪಬೇಕಾಗಿತ್ತು. 2020ರ ಫೆಬ್ರವರಿಯಲ್ಲಿ ಆ ಮಾರ್ಗ ತೆರೆದಾಗ ಅದು ಮಹಾತ್ಮಾ ಗಾಂಧಿ ಬಸ್ ನಿಲ್ದಾಣದ ಬಳಿ, ಮೂಸಿಯ ತಡಿಯಲ್ಲೇ ನಿಂತುಬಿಟ್ಟಿತು. ಊರಿನ ಬೇರೆಲ್ಲ ಕಡೆಗೆ ಸುಮಾರು 69 ಕಿಲೋಮೀಟರ್ ರೈಲು ಹಾಸಿದವರಿಗೆ ಉಳಿದ ಐದಾರು ಕಿಲೋಮೀಟರ್ ಮಾತ್ರ ದುಸ್ತರವಾಯಿತು! ಅದಕ್ಕಾಗಿ ರಸ್ತೆ ಅಗಲಗೊಳಿಸಲು ಕಟ್ಟಡಗಳನ್ನು ಕೆಡಹುವ ಕೆಲಸ ಆರಂಭವಾದದ್ದು 2025ರಲ್ಲಿ. ಸರಕಾರದ ಈ ತಾರತಮ್ಯವನ್ನು ನಾವು ಕಟುವಾಗಿ ಟೀಕಿಸುತ್ತೇವೆ, ಟೀಕಿಸಲೂಬೇಕು. ಆದರೆ ನದಿಯ ಈಚೆಗೇ ನಿಂತುಬಿಟ್ಟ ಆ ರೈಲಿಗೂ, ಬಳೆ ಕೊಂಡು ನದಿ ದಾಟಿ ಓಡಿಬರುವ ನಮಗೂ ಇರುವ ವ್ಯತ್ಯಾಸವೇನು?

ಬಳೆಯ ಮಾತು ಬಂತು. ಲಾಡ್ ಬಜಾರಿನ ಅರಗಿನ ಬಳೆಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕೆಂಡದ ಮುಂದೆ ಕುಳಿತು ಬೆರಳು ಸುಟ್ಟುಕೊಂಡು ಹರಳು ಕೂರಿಸಿದವರ ಬಳೆಗೆ ನಾವು ಐವತ್ತು ರೂಪಾಯಿಗಾಗಿ ಅರ್ಧ ಗಂಟೆ ಚೌಕಾಸಿ ಮಾಡುತ್ತೇವೆ. ಗಾಜಿನ ಹೋಟೆಲಿನಲ್ಲಿ ಮಾತ್ರ ಬಿಲ್ಲಿನ ತೆರಿಗೆಯನ್ನೂ ಪ್ರಶ್ನಿಸದೆ ಕಾರ್ಡು ಉಜ್ಜುತ್ತೇವೆ. ಐದು ಜನರ ಕುಟುಂಬ ಎರಡು ದಿನದಲ್ಲಿ ಖರ್ಚು ಮಾಡುವ ಹಣದಲ್ಲಿ ಬಳೆಯ ಪಾಲೆಷ್ಟು? ಕೋಣೆ, ಬೆಳಗಿನ ತಿಂಡಿ, ಹತ್ತು ಸಲದ ಚಹಾ, ಮಗುವಿನ ಜ್ವರದ ಔಷಧಿ, ಹರಿದ ಚಪ್ಪಲಿಯ ಹೊಲಿಗೆ ಎಲ್ಲವೂ ಹೋಗುವುದು ನಾವು ಮಲಗುವ ಬೀದಿಗೆ.

ಹಾಗಂತ ಹಳೆ ಶಹರದ ಯಾವ ಲಾಡ್ಜಿನಲ್ಲಾದರೂ ಕಣ್ಣುಮುಚ್ಚಿ ಇಳಿದುಬಿಡಿ ಎಂದು ನಾನು ಹೇಳುವುದಿಲ್ಲ. ಅಲ್ಲಿ ನಿಜವಾದ ಅಪಾಯವೊಂದಿದೆ. ವಿಪರ್ಯಾಸವೇನೆಂದರೆ ಅದರ ಬಗ್ಗೆ ಯಾವ ಭಾವನೂ ಎಚ್ಚರಿಸುವುದಿಲ್ಲ. 2025ರ ಮೇ 18ರಂದು, ಮಕ್ಕಾ ಮಸೀದಿ ಸ್ಫೋಟದ ಅದೇ ತಾರೀಕಿಗೆ, ಚಾರ್ಮಿನಾರಿನ ಪಕ್ಕದ ಗುಲ್ಝಾರ್ ಹೌಝ್‌ನಲ್ಲಿ ಒಂದು ಹಳೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಕೆಳಗೆ ಅಂಗಡಿ, ಮೇಲೆ ಮನೆ. ಹೊರಬರಲು ಇಕ್ಕಟ್ಟಾದ ಒಂದೇ ದಾರಿ. ಒಂದೇ ಕುಟುಂಬದ 17 ಜನರು ಪ್ರಾಣ ಕಳಕೊಂಡರು. ಅವರಲ್ಲಿ ಎಂಟು ಮಂದಿ ಮಕ್ಕಳು. ಅವರು ತಲೆಮಾರುಗಳಿಂದ ಅಲ್ಲೇ ಮುತ್ತಿನ ವ್ಯಾಪಾರ ಮಾಡಿಕೊಂಡಿದ್ದ ಹಿಂದೂ ಕುಟುಂಬದವರು. ಹಳೆ ಶಹರದಲ್ಲಿ ಹೆದರಬೇಕಾದದ್ದು ಜನರಿಗಲ್ಲ, ಒಂದೇ ಮೆಟ್ಟಿಲಿನ ಕಟ್ಟಡಗಳಿಗೆ. ಆದ್ದರಿಂದ ಕೋಣೆ ಹಿಡಿಯುವ ಮುನ್ನ ದೂರವಾಣಿಯಲ್ಲಿ ಕೇಳಬೇಕಾದದ್ದು ಪಾರ್ಕಿಂಗ್ ಇದೆಯೇ ಎಂದಲ್ಲ, ಇಳಿಯಲು ಎರಡನೇ ಮೆಟ್ಟಿಲು ಇದೆಯೇ ಎಂದು. ಇದೆ ಎಂದರೆ ಹೋದೊಡನೆ ಅದರ ಬಾಗಿಲು ತೆರೆದು ನೋಡಬೇಕು. ಅದಕ್ಕೆ ಬೀಗ ಹಾಕಿದ್ದರೆ, ಮುಂಗಡ ಕೊಟ್ಟದ್ದು ಹೋದರೂ ಚಿಂತಿಲ್ಲ, ಇನ್ನೊಂದು ಲಾಡ್ಜಿಗೆ ನಡೆಯಬೇಕು.

ಇನ್ನೊಂದು ಮಾತು. ಚಾರ್ಮಿನಾರಿನ ಬುಡದಲ್ಲೇ ಮಲಗಬೇಕೆಂದೇನೂ ಇಲ್ಲ. ರಮಝಾನಿನ ರಾತ್ರಿಗಳಲ್ಲಂತೂ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಮಕ್ಕಳಿಗೆ ನಿದ್ದೆಯೂ ಬಾರದು. ನಯಾಪುಲ್ ಸೇತುವೆಯ ಎರಡೂ ಮಗ್ಗುಲು, ಅಂದರೆ ಈಚೆಗೆ ಅಫ್ಝಲ್‌ಗಂಜ್, ಆಚೆಗೆ ಮದೀನಾ-ಪತ್ಥರ್‌ಗಟ್ಟಿಯ ತಲೆ, ನನ್ನ ದೃಷ್ಟಿಯಲ್ಲಿ ಸೂಕ್ತ. ಬೀದರ್, ಕಲಬುರಗಿ, ರಾಯಚೂರಿನ ಬಸ್ಸುಗಳು ಬಂದು ನಿಲ್ಲುವ ನಿಲ್ದಾಣ ಅಲ್ಲೇ ಹತ್ತಿರದಲ್ಲಿದೆ, ಮೆಟ್ರೋ ಕೂಡಾ ಅಲ್ಲಿಯವರೆಗೆ ಬರುತ್ತದೆ. ಸಾಲಾರ್ ಜಂಗ್‌ಗೆ ಹತ್ತು ಹದಿನೈದು ನಿಮಿಷದ ನಡಿಗೆ. ಚಾರ್ಮಿನಾರಿಗೆ ಎರಡು ಕಿಲೋಮೀಟರಿಗಿಂತ ಕಡಿಮೆ. ಅಲ್ಲಿಂದ ಚೌಮಹಲ್ಲಾ ಇನ್ನೂ ಹತ್ತಿರ. ನಡೆಯಲಾರದವರಿಗೆ ಆಟೋ ಇದೆ. ರೈಲಿನಲ್ಲಿ ಬಂದು ನಾಂಪಲ್ಲಿಯಲ್ಲಿ ಇಳಿಯುವವರಿಗೆ ಆ ನಿಲ್ದಾಣದ ಸುತ್ತಮುತ್ತ ಅಥವಾ ಆಬಿಡ್ಸ್ ಕೂಡಾ ಆದೀತು. ಮೆಟ್ರೋದಲ್ಲಿ ನಾಲ್ಕನೆಯದೋ ಮೂರನೆಯದೋ ನಿಲ್ದಾಣಕ್ಕೆ ನದಿಯ ತಡಿ ಸಿಗುತ್ತದೆ. ಗೋಲ್ಕೊಂಡ ಕೋಟೆ ಮತ್ತು ಕುತುಬ್ ಶಾಹಿ ಗೋರಿಗಳನ್ನೇ ಮುಖ್ಯವಾಗಿ ನೋಡಬೇಕೆಂದವರಿಗೆ ಟೋಲಿಚೌಕಿ ಹತ್ತಿರ. ರಾಮೋಜಿ ಫಿಲ್ಮ್ ಸಿಟಿಗೆಂದೇ ಹೋಗುವವರಲ್ಲಿ ನನ್ನ ತಕರಾರಿಲ್ಲ, ಅದು ಊರಿನ ಪೂರ್ವಕ್ಕೆ ಎಷ್ಟೋ ದೂರ, ಅವರು ಆ ಕಡೆಯೇ ಇಳಿಯಲಿ. ಗಚ್ಚಿಬೌಲಿಯಲ್ಲಿ ಕೆಲಸವಿದ್ದವರು ಗಚ್ಚಿಬೌಲಿಯಲ್ಲಿರಲಿ. ಚಾರ್ಮಿನಾರ್ ನೋಡಲು ಹೋಗುವವರು ಅಲ್ಲಿ ಯಾಕೆ ಮಲಗಬೇಕು?

ಕಳೆದ ವರ್ಷ ನಾವು ಮತ್ತೆ ಹೋದೆವು. ಅಫ್ಝಲ್‌ಗಂಜ್‌ನ ಒಂದು ಸಾಧಾರಣ ಲಾಡ್ಜು. ಲಿಫ್ಟು ನಿಧಾನ, ಬಿಸಿನೀರು ಬೆಳಿಗ್ಗೆ ಮಾತ್ರ, ರಾತ್ರಿ ಹನ್ನೊಂದರವರೆಗೂ ವಾಹನಗಳ ಹಾರ್ನು. ಎರಡನೇ ಮೆಟ್ಟಿಲು ಇತ್ತು, ಬಾಗಿಲು ತೆರೆದೇ ಇತ್ತು. ಶನಿವಾರ ಫಜ್ರ್ ನಮಾಝಿನ ಬಳಿಕ ಉಮ್ಮ ತಾವಾಗಿಯೇ ಚಪ್ಪಲಿ ಮೆಟ್ಟಿದರು. ಅಂಗಡಿಗಳು ತೆರೆದಿರಲಿಲ್ಲ. ಲಾಡ್ ಬಜಾರ್ ಕಣ್ಣು ಬಿಡುವುದು ಹನ್ನೊಂದರ ಹೊತ್ತಿಗೆ. ಜನರಿಲ್ಲದ ಆ ರಸ್ತೆಯಲ್ಲಿ ಚಾರ್ ಕಮಾನಿನ ಕೆಳಗೆ ಹಾದು, ನಡುವೆ ಎರಡು ಕಡೆ ಕುಳಿತು ಸುಧಾರಿಸಿಕೊಂಡು, ಮಕ್ಕಾ ಮಸೀದಿಯ ಅಂಗಳದಲ್ಲಿ ಪಾರಿವಾಳಗಳು ಏಳುವುದನ್ನು ಮಕ್ಕಳೊಂದಿಗೆ ನೋಡಿದರು. ಒಂಬತ್ತಕ್ಕೆ ಚಾರ್ಮಿನಾರ್ ತೆರೆದಾಗ ನಾವು ಮೊದಲ ಸಾಲಿನಲ್ಲಿದ್ದೆವು. ಉಮ್ಮ ಮೇಲೆ ಹತ್ತಲಿಲ್ಲ. ಎದುರಿನ ನಿಝಾಮಿಯಾ ಯುನಾನಿ ಆಸ್ಪತ್ರೆಗೆ ಬಂದ ಒಬ್ಬ ಮುದುಕಿಯ ಪಕ್ಕ ಕುಳಿತು, ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧವೂ ತಿಳಿಯದಿದ್ದರೂ, ಮಂಡಿನೋವಿನ ಎಣ್ಣೆಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಹನ್ನೆರಡಕ್ಕೆ ಕೋಣೆಗೆ ಬಂದು ಮಲಗಿದೆವು. ಮೂರಕ್ಕೆ ಸಾಲಾರ್ ಜಂಗ್‌ನಲ್ಲಿದ್ದೆವು. ಗಂಟೆ ಬಾರಿಸುವ ಗೊಂಬೆಯ ಗಡಿಯಾರದ ಮುಂದೆ ನನ್ನ ಮಗ ಎರಡು ಗಂಟೆಯ ಸುತ್ತು ಕಾದು ನೋಡಿದ.

ಭಾವ ಈ ರಜೆಯಲ್ಲಿ ತಮ್ಮ ಮಕ್ಕಳನ್ನು ಕರಕೊಂಡು ಹೈದರಾಬಾದಿಗೆ ಹೊರಟಿದ್ದಾರೆ. ಲಾಡ್ಜಿನ ಹೆಸರು ಕೇಳಿ ದೂರವಾಣಿ ಮಾಡಿದ್ದರು. ಹೇಳಿದೆ. ಶುಕ್ರವಾರ ಬೇಡ ಎಂದೂ ಹೇಳಿದೆ, ಮೆಟ್ಟಿಲಿನ ವಿಷಯವನ್ನೂ ಹೇಳಿದೆ. ಎಲ್ಲವನ್ನೂ ಕೇಳಿ, ಒಂದು ಕ್ಷಣ ಸುಮ್ಮನಿದ್ದು, "ಅಲ್ಲ, ಕಾರು ಎಲ್ಲಿ ನಿಲ್ಲಿಸೋದು?" ಎಂದರು.